ಎರಡು ಸೆಕೆಂಡಿನ ತಡ

ಫಕ್ಕೀರೇಶ ಹೊಂಬಳನ ಹೆಂಡತಿಯ ಮಾತು ಅವರ ಮನೆಯ ಶೋಕೇಸಿನ ಕೆಳಗಿನ ಖಾನೆಯಲ್ಲಿತ್ತು. ಅಲ್ಲಿ ಟಿಫಿನ್ ಡಬ್ಬಿಯಷ್ಟು ಗಾತ್ರದ ಒಂದು ಕಪ್ಪು ಸರ್ವರ್, ಅದರ ಮಗ್ಗುಲಿಗೆ ಒಂದು ಹಾರ್ಡ್ ಡಿಸ್ಕ್. ಹಸಿರು ದೀಪ ಉರಿಯುತ್ತಿದ್ದರೆ ನೀಲಾಂಬಿಕಾ ಮಾತಾಡುತ್ತಿದ್ದಳು. ದೀಪ ಕೆಂಪಾದರೆ ಅವಳ ತುಟಿ ಮಾತ್ರ ಆಡುತ್ತಿತ್ತು.

ಮೂರು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಆಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅವಳ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಅದಕ್ಕೂ ಮೊದಲು ಹದಿನೆಂಟು ವರ್ಷ ಅವಳು ಗದಗಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಹೇಳಿದವಳು. ಮುಂಡರಗಿಗೆ ಹೋಗುವವರು, ರೋಣಕ್ಕೆ ಹೋಗುವವರು, ಎಲ್ಲರ ಕಿವಿಯಲ್ಲೂ ಆ ಧ್ವನಿ ಇತ್ತು. ನಿಲ್ದಾಣದವರ ಹತ್ತಿರ ಅದರ ನೂರಾರು ಗಂಟೆಗಳ ರೆಕಾರ್ಡಿಂಗ್ ಉಳಿದಿತ್ತು. ಅದನ್ನು ಇಟ್ಟುಕೊಂಡೇ ಫಕ್ಕೀರೇಶ ಅವಳಿಗೆ ಮತ್ತೆ ಧ್ವನಿ ಕಟ್ಟಿಕೊಟ್ಟ. ಅವಳ ದವಡೆಯ ಕೆಳಗೆ ಎರಡು ಬೆರಳಗಲದ ಒಂದು ಪಟ್ಟಿ. ಸದ್ದಿಲ್ಲದೆ ನಾಲಿಗೆ, ತುಟಿ ಆಡಿಸಿದರೆ ಸ್ನಾಯುಗಳಲ್ಲಿ ಹರಿಯುವ ಸೂಕ್ಷ್ಮ ವಿದ್ಯುತ್ತನ್ನು ಆ ಪಟ್ಟಿ ಹಿಡಿಯುತ್ತದೆ. ಫೋನು ಅದನ್ನು ಮನೆಯ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಅದು ಯಾವ ಶಬ್ದವೆಂದು ಗುರುತಿಸಿ, ಅವಳ ಹಳೆಯ ಧ್ವನಿಯಲ್ಲಿ ಜೋಡಿಸಿ, ಪಟ್ಟಿಯಲ್ಲಿರುವ ಕಡಲೆಕಾಳಿನಷ್ಟು ಚಿಕ್ಕ ಸ್ಪೀಕರಿಗೆ ವಾಪಸ್ ಕಳಿಸುತ್ತದೆ.

ಊರಲ್ಲಿ ಇಂಥ ಪಟ್ಟಿ ಕಟ್ಟಿಕೊಂಡವರು ಇನ್ನೂ ಹತ್ತು ಹನ್ನೆರಡು ಮಂದಿ ಇದ್ದರು. ಅವರೆಲ್ಲರ ಮಾತು ಎಲ್ಲೋ ದೂರದ ಕಂಪನಿಯ ಯಂತ್ರಗಳಿಗೆ ಹೋಗಿ ಬರುತ್ತಿತ್ತು. ಫಕ್ಕೀರೇಶ ಮಾತ್ರ, "ನನ್ನ ಹೆಂಡ್ತಿ ಮಾತು ಮಂದಿ ಪೆಟಿಗ್ಯಾಗ ಯಾಕ ಇರಬೇಕು" ಎಂದು ಹಟ ಹಿಡಿದು ಮನೆಯಲ್ಲೇ ಎಲ್ಲ ಹೂಡಿದ್ದ. ಅದು ಅರ್ಧ ಮಾತು. ಉಳಿದರ್ಧವೆಂದರೆ, ಅವನ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರ ಕಂಡರೆ ಅವನಿಗೆ ಒಳಗೇ ತುರಿಕೆ. ಇದಕ್ಕಿಂತ ಚಲೋ ಓಡಿಸಬಹುದಲ್ಲ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ ಊಟದ ರುಚಿಯೂ ಗೊತ್ತಾಗುತ್ತಿರಲಿಲ್ಲ.

ಸರ್ವರಿನಲ್ಲಿ ಓಡುತ್ತಿದ್ದ ತಂತ್ರಾಂಶದ ಹೆಸರು ಮಾರ್ದನಿ. ನಾಲ್ಕಾರು ಊರಿನ ಹವ್ಯಾಸಿಗಳು ಸೇರಿ ಬಿಡುವಿನಲ್ಲಿ ಬರೆದದ್ದು. ಅದಕ್ಕೆ ಅವಸರವಿಲ್ಲ. ನೀಲಾ ತುಟಿ ಆಡಿಸಿ ಎರಡು ಸೆಕೆಂಡಿನ ಮೇಲೆ ಮಾತು ಹೊರಗೆ ಬರುತ್ತಿತ್ತು. ಪಕಾರ, ಬಕಾರ, ಮಕಾರ ಮೂರೂ ಅದಕ್ಕೆ ಒಂದೇ. ಪಲ್ಯ ಎಂದರೆ ಒಮ್ಮೊಮ್ಮೆ ಮಲ್ಯ ಎನ್ನುತ್ತಿತ್ತು. ಏನೂ ತಿಳಿಯದಿದ್ದರೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ನೀಲಾ ಅದಕ್ಕೆ ಒಗ್ಗಿಕೊಂಡಿದ್ದಳು. ಓಣಿಯವರೂ ಒಗ್ಗಿಕೊಂಡು, ಅವಳ ಮಾತಿಗೆ ಕಾಯುವುದನ್ನು ಕಲಿತಿದ್ದರು.

ಜೂನ್ ಕೊನೆಯ ವಾರದಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಹತ್ತರ ಮೇಲೆ ಬಾಗಿಲಲ್ಲಿ ಮೆಂತ್ಯದ ಸೂಡಿಗೆ ಚೌಕಾಸಿ ಮಾಡುತ್ತಿದ್ದ ನೀಲಾಳ ಧ್ವನಿ ನಡುವೆಯೇ ನಿಂತಿತು. ಒಳಗೆ ಬಂದು ನೋಡಿದರೆ ದೀಪ ಕೆಂಪು. ಅರ್ಧ ಗಂಟೆಯ ಮೇಲೆ ತಾನೇ ಹಸಿರಾಯಿತು. ಮರುದಿನ ಏನೂ ಆಗಲಿಲ್ಲ. ಮೂರನೆಯ ದಿನ ಮತ್ತೆ ಅದೇ.

ಆ ತಿಂಗಳು ಫಕ್ಕೀರೇಶನಿಗೆ ಬೆಳಗಿನ ಪಾಳಿ. ಅವನು ಮನೆಗೆ ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ಕಣ್ಣೆದುರು ಕೆಡದ ಯಂತ್ರವನ್ನು ರಿಪೇರಿ ಮಾಡುವುದಕ್ಕಿಂತ ದೊಡ್ಡ ಪೀಡೆ ಇಲ್ಲ. ಅವನು ಕೇಬಲ್ ಬದಲಿಸಿದ. ಮೆಮೊರಿ ಚಿಪ್ಪನ್ನು ಕಿತ್ತು, ಒರೆಸಿ, ಮತ್ತೆ ಕೂರಿಸಿದ. ಫ್ಯಾನಿನ ದೂಳು ಊದಿದ. ಡಿಸ್ಕನ್ನು ಪರೀಕ್ಷೆಗೆ ಹಾಕಿ ನಾಲ್ಕು ತಾಸು ಕಾದ. ಡಿಸ್ಕು ಗಟ್ಟಿಮುಟ್ಟಾಗಿತ್ತು. ಪ್ರತಿ ಪರೀಕ್ಷೆಗೂ ಸರ್ವರ್ ಬಂದ್ ಮಾಡಬೇಕು, ಬಂದ್ ಇದ್ದಷ್ಟು ಹೊತ್ತೂ ನೀಲಾ ಪಾಟಿಯ ಮೇಲೆ ಬರೆದು ತೋರಿಸಬೇಕು. ಒಂದು ಸಂಜೆ ಅವಳು ಬರೆದಳು: "ಬೆಳಿಗ್ಗೆ ಅರ್ಧ ತಾಸು ಅದು ಬಂದ್ ಮಾಡತೈತಿ. ಸಂಜಿಕೆ ಮೂರು ತಾಸು ನೀವು ಬಂದ್ ಮಾಡ್ತೀರಿ." ಫಕ್ಕೀರೇಶ ಓದಿ ನಕ್ಕ. ಅವಳು ನಗಲಿಲ್ಲ.

*

ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟು ಬಂದು ಸೇರುವ ಉಪಕೇಂದ್ರದಲ್ಲಿ ಫಕ್ಕೀರೇಶ ಆಪರೇಟರ್. ಗಾಳಿ ಎದ್ದರೆ ಪರದೆಯ ಮೇಲಿನ ಗೆರೆ ಏರುತ್ತಿತ್ತು, ಬಿದ್ದರೆ ಜಾರುತ್ತಿತ್ತು. ಎಂಟು ತಾಸು ಆ ಗೆರೆಯನ್ನು ಕಾಯುವುದೇ ಅವನ ಕೆಲಸ. ಮಳೆಗಾಲದ ಗಾಳಿಗೆ ನಿಲುಗಡೆಯೇ ಇರಲಿಲ್ಲ. ಗೆರೆಯಂತೆ ಅವನ ಜೀವವೂ ಏರಿಳಿಯುತ್ತಿತ್ತು.

ಅಂದು ಅವನ ಪಕ್ಕದ ಕುರ್ಚಿಯಲ್ಲಿ ಜೂನಿಯರ್ ಎಂಜಿನಿಯರ್ ಮುಮ್ತಾಜ್ ನದಾಫ್ ಇದ್ದಳು. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಅಧಿಕಾರದಲ್ಲಿ ಒಂದು ಮೆಟ್ಟಿಲು ಮೇಲಿನವಳು. ಒಬ್ಬ ಲೈನ್‌ಮನ್ ಫೋನಿನಲ್ಲಿ ಲೈನ್ ಕ್ಲಿಯರ್ ಕೇಳುತ್ತಿದ್ದ. ತಂತಿಯ ಮೇಲೆ ಕೈಯಿಡುವ ಮೊದಲು ಉಪಕೇಂದ್ರದ ಅನುಮತಿ ಪಡೆಯಲೇಬೇಕು, ಅದಕ್ಕೆ ಆ ಹೆಸರು. ಮುಮ್ತಾಜ್ ಅವನ ಹೆಸರು ಕೇಳಿ, ಲೈನಿನ ನಂಬರನ್ನು ಎರಡು ಸಲ ಹೇಳಿಸಿ, ಪುಸ್ತಕದಲ್ಲಿ ವೇಳೆ ಬರೆದು, ತಾನೂ ಸಹಿ ಮಾಡಿ ಫಕ್ಕೀರೇಶನ ಸಹಿಯನ್ನೂ ಹಾಕಿಸಿ, ಸ್ವಿಚ್ ತೆರೆದಳು.

ಫಕ್ಕೀರೇಶ ಫೋನಿನಲ್ಲಿ ಹವ್ಯಾಸಿಗಳ ಗುಂಪಿನ ಚರ್ಚೆ ಓದುತ್ತಿದ್ದ. ಹೊಸದಾಗಿ ಬಂದ ಸರಾಗ ಎಂಬ ತಂತ್ರಾಂಶದ ಬಗ್ಗೆ ಎಲ್ಲರೂ ಬರೆಯುತ್ತಿದ್ದರು. ಅದು ಶಬ್ದಶಬ್ದವಾಗಿ ಹುಡುಕುವುದಿಲ್ಲ. ಮಾತಿನ ಮೊದಲ ಚೂರು ಸಿಕ್ಕರೆ ಸಾಕು, ಎದುರಿನವರು ಏನು ಕೇಳಿದರು, ಇಂಥ ಪ್ರಶ್ನೆಗೆ ಮಂದಿ ಸಾಮಾನ್ಯವಾಗಿ ಏನು ಹೇಳುತ್ತಾರೆ ಎಂದು ಲೆಕ್ಕ ಹಾಕಿ ಪೂರ್ತಿ ವಾಕ್ಯ ನುಡಿಯುತ್ತದೆ. ತಡವೆಂಬುದೇ ಇಲ್ಲ.

"ಮನ್ಯಾಗಿನ ಪೆಟಿಗಿ ಇನ್ನೂ ಕಾಡಾಕತ್ತೇತೇನ್ರಿ?" ಮುಮ್ತಾಜ್ ಕೇಳಿದಳು.

"ಮಾರ್ದನಿ ಹಳೇದಾತ್ರಿ ಮೇಡಂ. ಅದರಾಗ ಏನೋ ದೋಷ ಐತಿ. ಬದಲಿ ಮಾಡಿಬಿಡ್ತೀನಿ."

"ದೋಷ ಎಲ್ಲೈತಿ ಅಂತ ಸಿಕ್ತೇನು?"

"ಸಿಕ್ಕಿಲ್ಲ. ಹೊಸಾದ ಹಾಕಿದ್ರ ಹುಡುಕೋದ ಬ್ಯಾಡಲ್ಲ."

ಮುಮ್ತಾಜ್ ಪುಸ್ತಕ ಮುಚ್ಚಿದಳು. "ಅಕ್ಕಾರನ್ನ ಕೇಳೀರೇನ್ರಿ? ಇಲ್ಲಿ ಒಂದು ಸ್ವಿಚ್ ತಿರುವಾಕ ಇಬ್ಬರ ಸಹಿ ಬೇಕು. ಅವರ ಬಾಯಿ ನೀವೊಬ್ಬರ ತೆಗೆದು ಹಾಕಾಕತ್ತೀರಿ."

"ಆಕಿಗೇನ್ ತಿಳಿತೈತ್ರಿ ಇದರಾಗ," ಎಂದ ಫಕ್ಕೀರೇಶ. ಆಗಲೇ ಅವನು ಸರಾಗವನ್ನು ಇಳಿಸಿಕೊಳ್ಳಲು ಒತ್ತಿಯಾಗಿತ್ತು.

*

ಭಾನುವಾರ ಅದನ್ನು ಹಾಕಿದ. ಸಂಜೆಯ ಹೊತ್ತಿಗೆ ಎಲ್ಲ ಸಿದ್ಧವಾಯಿತು.

"ಏನರ ಮಾತಾಡು," ಎಂದ.

ನೀಲಾ ಅನುಮಾನದಿಂದ ತುಟಿ ತೆರೆದಳು. ಅಷ್ಟರಲ್ಲೇ ಅವಳ ಧ್ವನಿ ನೀರಿನಂತೆ ಹರಿಯಿತು: "ಏನ್ ಮಾತಾಡಲಿ, ಚಾ ಕುಡೀತೀರೇನು?" ಅವಳು ಬೆಚ್ಚಿ ಕೊರಳಿಗೆ ಕೈಯಿಟ್ಟುಕೊಂಡಳು. ಫಕ್ಕೀರೇಶನ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಮೇಲೆ ಅವಳ ಮಾತು ತಡೆಯಿಲ್ಲದೆ ಕೇಳಿಸಿತ್ತು. ಬಾದಾಮಿಯಲ್ಲಿದ್ದ ತಂಗಿ ಫೋನಿನಲ್ಲಿ, "ಅಕ್ಕಾ, ಮೊದಲಿನ ಹಂಗ ಆಗೀದಿ ನೋಡು" ಎಂದು ಅತ್ತಳು. ಬೆಳಗಿನ ಕೆಂಪು ದೀಪವೂ ಮಾಯವಾಯಿತು. ಫಕ್ಕೀರೇಶ ಗುಂಪಿನಲ್ಲಿ ಉದ್ದನೆಯ ಟಿಪ್ಪಣಿ ಬರೆದ. ದೋಷ ಮಾರ್ದನಿಯದೇ ಎಂದು ತೀರ್ಪು ಕೊಟ್ಟ.

ಐದಾರು ವಾರ ಹೀಗೆ ಹೋಯಿತು. ನೀಲಾ ಯಾರೊಡನೆಯೂ ತಡವರಿಸದೆ ಮಾತಾಡುತ್ತಿದ್ದಳು. ಬಂದವರು ಹೇಗಿದ್ದೀರಿ ಎಂದರೆ "ಆರಾಮ ಅದೀನ್ರಿ" ಎನ್ನುತ್ತಿದ್ದಳು. ತಿಂಗಳ ತಪಾಸಣೆಗೆ ಡಾಕ್ಟರ್ ಇಟಗಿ ಹುಬ್ಬಳ್ಳಿಯಿಂದ ವಿಡಿಯೋ ಕರೆ ಮಾಡಿ, "ನುಂಗಾಕ ಏನರ ತ್ರಾಸ?" ಎಂದು ಕೇಳಿದಾಗ, "ಇಲ್ಲರಿ, ಏನೂ ತ್ರಾಸ ಇಲ್ಲ" ಎಂದಿತು ಅವಳ ಧ್ವನಿ. ಡಾಕ್ಟರು ಸಂತೋಷಪಟ್ಟು ಫೋನಿಟ್ಟರು. ನೀಲಾ ಮಾತ್ರ ಕಪ್ಪಾದ ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದಳು.

ಅವಳ ತಾಟಿನಲ್ಲಿ ರೊಟ್ಟಿ ಕಡಿಮೆಯಾಗಿ ಗಂಜಿ ಬಂದದ್ದನ್ನು ಫಕ್ಕೀರೇಶ ಗಮನಿಸಿದ್ದ. ಕೇಳಿದರೆ, "ಹಸಿವಿಲ್ಲ, ನೀವು ಮಾಡ್ರಿ" ಎಂಬ ಉತ್ತರ ಸಲೀಸಾಗಿ ಬರುತ್ತಿತ್ತು. ಅವನನ್ನು ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆಯದು. ಎಲ್ಲ ಸರಿಯಿದ್ದರೂ ಯಾಕೋ ಅವನಿಗೆ ನೆಮ್ಮದಿ ಇರಲಿಲ್ಲ. ಮನೆಯಲ್ಲಿ ಮಾತು ಹೆಚ್ಚಾಗಿತ್ತು, ಜಗಳ ನಿಂತೇಹೋಗಿತ್ತು. ಯಾವುದಕ್ಕೂ ನೀಲಾ ಅವನನ್ನು ತಡೆಯುತ್ತಿರಲಿಲ್ಲ.

*

ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ, ಒಂಬತ್ತೂವರೆಗೆ, ನಿಯಂತ್ರಣ ಕೊಠಡಿಯಲ್ಲಿದ್ದ ಫಕ್ಕೀರೇಶನ ಫೋನಿಗೆ ಮನೆಯ ಸರ್ವರಿನಿಂದ ಎಚ್ಚರಿಕೆ ಬಂತು: ಡಿಸ್ಕ್ ಭರ್ತಿಯಾಗುತ್ತಿದೆ.

ಅವನಿಗೆ ಆಶ್ಚರ್ಯವಾಯಿತು. ಸರಾಗ ಎಲ್ಲವನ್ನೂ ಮೆಮೊರಿಯಲ್ಲಿಟ್ಟುಕೊಂಡು ಓಡುತ್ತಿತ್ತು, ಡಿಸ್ಕಿನ ಗೊಡವೆಗೇ ಹೋಗುತ್ತಿರಲಿಲ್ಲ. ಹಾಗಾದರೆ ಬರೆಯುತ್ತಿರುವುದು ಯಾರು? ಫೋನಿನಿಂದಲೇ ಸರ್ವರಿನ ಒಳಹೊಕ್ಕು ನೋಡಿದ. ಮಾರ್ದನಿಯನ್ನು ಅವನು ನಿಲ್ಲಿಸಿರಲೇ ಇಲ್ಲ. ಸ್ಪೀಕರಿನ ದಾರಿ ಮಾತ್ರ ತಪ್ಪಿಸಿ, ಮುಂದೆ ತೆಗೆದರಾಯಿತೆಂದು ಮರೆತಿದ್ದ. ಅದು ಪಾಪ ಹಿಂದೆ ಕೂತು, ಪಟ್ಟಿಯಿಂದ ಬಂದ ಪ್ರತಿಯೊಂದನ್ನೂ ತನ್ನ ಪಾಡಿಗೆ ತಾನು ಬರೆದಿಡುತ್ತಿತ್ತು.

ಅಳಿಸಿಹಾಕಲೆಂದು ಆ ದಾಖಲೆ ತೆರೆದ. ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಜುಲೈ ಹದಿನಾಲ್ಕು, ಮಧ್ಯಾಹ್ನ: "ರೊಟ್ಟಿ ಒಳಗ ಇಳೀವಲ್ದು."

ಸರಾಗ ಮೆಮೊರಿಯಲ್ಲಿಟ್ಟುಕೊಂಡಿದ್ದ ದಾಖಲೆಯಲ್ಲಿ ಅದೇ ಗಳಿಗೆ ಹುಡುಕಿದ. ಅಲ್ಲಿ ಇದ್ದದ್ದು: "ರೊಟ್ಟಿ ಚಲೋ ಆಗ್ಯಾವು."

ಅವನು ಎರಡನ್ನೂ ತನ್ನ ಫೋನಿಗೆ ಇಳಿಸಿಕೊಂಡು ಪಕ್ಕಪಕ್ಕಕ್ಕೆ ಇಟ್ಟು ಓದತೊಡಗಿದ. ಗಂಟಲದಾಗ ಏನೋ ಸಿಕ್ಕಂಗ ಆಗತೈತಿ ಎಂದಿದ್ದಳು. ಊಟ ಆತು, ನೀವು ಮಾಡ್ರಿ ಎಂದು ಕೇಳಿಸಿತ್ತು. ಡಾಕ್ಟರ್ ಇಟಗಿ ಕೇಳಿದ ದಿನ ಅವಳು, "ಹೌದ್ರಿ, ನುಂಗಾಕ ಭಾಳ ತ್ರಾಸ ಐತಿ" ಎಂದಿದ್ದಳು. ಒಳಗಿನ ಬಾವಿನಿಂದಲೋ ಏನೋ ಸ್ನಾಯುಗಳ ಸಂಕೇತ ಕ್ಷೀಣವಾಗಿತ್ತು. ಮಾರ್ದನಿಯ ಸಾಲುಗಳಲ್ಲಿ ಅಲ್ಲಲ್ಲಿ ಅಕ್ಷರ ಬಿಟ್ಟುಹೋಗಿದ್ದವು. ಸರಾಗ ಬಿಟ್ಟದ್ದನ್ನೆಲ್ಲ ತುಂಬಿತ್ತು, ನಾಲ್ಕು ಮಂದಿ ಹೇಳುವ ಮಾತಿನಿಂದ. ನಾಲ್ಕು ಮಂದಿ ಆರಾಮ ಇದ್ದೇನೆ ಎಂದೇ ಹೇಳುತ್ತಾರೆ.

ಅದಕ್ಕಿಂತ ಮುಂದಿನದನ್ನು ಅವನು ಅಂಜುತ್ತಲೇ ಓದಿದ. ಆಗಸ್ಟ್ ಮೊದಲ ವಾರದಿಂದ ಮಾರ್ದನಿಯ ಸಾಲುಗಳೇ ಕಡಿಮೆಯಾಗಿದ್ದವು. ಬರೀ ಟಿಕ್, ಟಿಕ್. ಅವಳು ಮಾತು ಕಟ್ಟುವುದನ್ನೇ ಬಿಟ್ಟಿದ್ದಳು. ದವಡೆಯನ್ನು ಚೂರು ಆಡಿಸಿದರೆ ಸಾಕು, ಉಳಿದದ್ದನ್ನು ಪೆಟ್ಟಿಗೆಯೇ ಮಾತಾಡುತ್ತಿತ್ತು. ಹತ್ತು ದಿನ ಅವನು ಹೆಂಡತಿಯೊಡನೆ ಸಂಸಾರ ಮಾಡಿದ್ದೋ, ತಂತ್ರಾಂಶದೊಡನೆ ಮಾಡಿದ್ದೋ.

ಪರದೆಯ ಮೇಲೆ ಗಾಳಿಯ ಗೆರೆ ಸರ್ರನೆ ಜಾರಿತು. ಅವನಿಗೆ ಕಾಣಿಸಲಿಲ್ಲ. ಮುಮ್ತಾಜ್ ಕೈ ಚಾಚಿ ಎಚ್ಚರಿಕೆಯ ಗಂಟೆ ನಿಲ್ಲಿಸಿದಳು. "ಏನಾತ್ರಿ, ಹೊಂಬಳ್ ಅವರ?"

ಅವನು ಫೋನನ್ನು ಅವಳ ಮುಂದೆ ಹಿಡಿದ. ಅವಳು ನಾಲ್ಕು ಸಾಲು ಓದಿ ವಾಪಸ್ ಕೊಟ್ಟಳು. "ಪಾಳಿ ನನ್ನ ಹೆಸರಿಗೆ ಬರೀರಿ. ಮನಿಗೆ ಹೋಗ್ರಿ."

*

ನೀಲಾ ಅಡುಗೆಮನೆಯಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಕಂಡು ದವಡೆ ಆಡಿಸಿದಳು. "ಯಾಕ, ಲಗೂನ ಬಂದ್ರಿ?" ಎಂದಿತು ಸಲೀಸು ಧ್ವನಿ.

ಫಕ್ಕೀರೇಶ ಶೋಕೇಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸರಾಗವನ್ನು ನಿಲ್ಲಿಸಿದ. ಸ್ಪೀಕರನ್ನು ಮಾರ್ದನಿಗೆ ಜೋಡಿಸಿದ.

"ಈಗ ಹೇಳು," ಎಂದ. "ನುಂಗಾಕ ಆಗವಲ್ದು ಅಂತ ನೀ ಹೇಳಿದ್ದಿ. ನನಗ ಕೇಳಿಸಲಿಲ್ಲ. ಪಾಟಿ ಮ್ಯಾಲರ ಯಾಕ ಬರೀಲಿಲ್ಲ?"

ಅವಳು ಬಟ್ಟಲು ಕೆಳಗಿಟ್ಟಳು. ಅವಳ ತುಟಿ ಆಡಿತು. ಎರಡು ಸೆಕೆಂಡು ಏನೂ ಕೇಳಿಸಲಿಲ್ಲ.

"ಮೊದ್ಲ ಸಿಟ್ಟು ಬಂತು," ಎಂದಿತು ಮಾರ್ದನಿ, ತೊದಲುತ್ತ. "ನಾ ಒಂದು ಅಂದ್ರ ಅದು ಒಂದು ಅಂತಿತ್ತು. ನೀವು ಎಷ್ಟು ಖುಷಿ ಇದ್ರಿ. ತಂಗಿ ಅತ್ಲು. ಆಮ್ಯಾಲ ಡಾಕ್ಟರ್ ಕೇಳಿದ್ರು. ಅದು ತ್ರಾಸ ಇಲ್ಲ ಅಂತು." ಟಿಕ್. "ನನಗ ಅಂಜಿಕಿ ಇತ್ತು. ಮತ್ತ ಅದ ರೋಗ ಬಂತೇನೋ ಅಂತ. ಅದು ಇಲ್ಲ ಅಂದಿದ್ದು ನನಗೂ ಬೇಕಾಗಿತ್ತು. ಅದರ ಬಾಯಾಗಿಂದರ ಖರೆ ಆಗಲಿ ಅಂತ ಸುಮ್ನಿದ್ನಿ."

ಹಿತ್ತಲಲ್ಲಿ ನಲ್ಲಿ ಸುರಿಯುವ ಸದ್ದಾಯಿತು. ದಿನ ಬಿಟ್ಟು ದಿನ ಬರುವ ನೀರು. ನೀಲಾ ಎಷ್ಟೋ ವರ್ಷದ ರೂಢಿಯಂತೆ ಎದ್ದುಹೋಗಿ ಗೋಡೆಯ ಸ್ವಿಚ್ ಒತ್ತಿದಳು. ಟಾಕಿಗೆ ನೀರೆತ್ತುವ ಮೋಟಾರು ಗುಂಯ್ ಎಂದಿತು, ಟ್ಯೂಬ್‌ಲೈಟು ಒಮ್ಮೆ ಮಂಕಾಯಿತು. ಅವಳು ವಾಪಸ್ ಬಂದು ಏನೋ ಹೇಳಹೊರಟಳು. ತುಟಿ ಆಡಿತು, ಸದ್ದಿಲ್ಲ. ಶೋಕೇಸಿನಲ್ಲಿ ಕೆಂಪು ದೀಪ.

ಇಬ್ಬರೂ ಮೋಟಾರಿನ ಸ್ವಿಚ್ಚಿನ ಕಡೆ ನೋಡಿದರು.

ಇಡೀ ಜಿಲ್ಲೆಯ ವೋಲ್ಟೇಜು ಕಾಯುವ ಫಕ್ಕೀರೇಶ ತನ್ನ ಮನೆಯ ಪ್ಲಗ್ಗಿನ ಕಡೆ ನೋಡಿರಲಿಲ್ಲ. ಜೂನ್ ತಿಂಗಳಲ್ಲಿ ಬಿಚ್ಚಿ ಜೋಡಿಸಿ ಆಡಲೆಂದು ಇನ್ನೊಂದು ಯಂತ್ರ ತಂದಾಗ, ಯುಪಿಎಸ್‌ನಲ್ಲಿ ಜಾಗ ಸಾಲದೆಂದು ಡಿಸ್ಕಿನ ಅಡಾಪ್ಟರನ್ನು ಕಿತ್ತು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದವನು ಅವನೇ. ಅದೇ ತಂತಿಯಲ್ಲೇ ಮೋಟಾರೂ ಇತ್ತು. ಮೋಟಾರು ಎಳೆದಾಗ ವೋಲ್ಟೇಜು ಕುಸಿದು ಡಿಸ್ಕು ಕಳಚಿಕೊಳ್ಳುತ್ತಿತ್ತು, ಡಿಸ್ಕನ್ನು ನಂಬಿದ ಮಾರ್ದನಿ ಬಾಯಿ ಮುಚ್ಚುತ್ತಿತ್ತು. ಸರಾಗಕ್ಕೆ ಡಿಸ್ಕೇ ಬೇಡವಾದ್ದರಿಂದ ವಾಸಿಯಾದಂತೆ ಕಂಡಿತ್ತು. ದೋಷ ಹುಡುಕುವಾಗ ಅವನು ಕೇಬಲ್ಲನ್ನು ಕೇಳಿದ್ದ, ಚಿಪ್ಪನ್ನು ಕೇಳಿದ್ದ, ಡಿಸ್ಕನ್ನು ನಾಲ್ಕು ತಾಸು ಕೇಳಿದ್ದ. ಆ ಹೊತ್ತಿಗೆ ನೀನು ಏನು ಮಾಡುತ್ತಿದ್ದೆ ಎಂದು ಹೆಂಡತಿಯನ್ನು ಕೇಳಿರಲಿಲ್ಲ.

ಅಡಾಪ್ಟರನ್ನು ಕಿತ್ತು ಯುಪಿಎಸ್‌ಗೆ ಹಾಕಿದ. ಅರ್ಧ ನಿಮಿಷದ ಕೆಲಸ. ದೀಪ ಹಸಿರಾಯಿತು. ಮೋಟಾರು ಓಡುತ್ತಲೇ ಇತ್ತು.

"ನಾಳೆ ಹುಬ್ಬಳ್ಳಿಗೆ ಹೋಗೋಣು," ಎಂದ.

"ನಾಳೆ ಯಾಕ," ಎಂದಿತು ಎರಡು ಸೆಕೆಂಡು ಬಿಟ್ಟು. "ಇವತ್ತ ಹೋಗೋಣು."

*

ಡಾಕ್ಟರ್ ಇಟಗಿಯವರ ಕೋಣೆಯಲ್ಲಿ ಫಕ್ಕೀರೇಶನಿಗೆ ಬಾಯಿ ಹಾಕಬೇಕೆಂದು ಅದೆಷ್ಟು ಸಲ ಅನ್ನಿಸಿತೋ. ಗದಗಿನ ಮನೆಯ ಸರ್ವರಿನವರೆಗೆ ಹೋಗಿ ಬರುತ್ತಿದ್ದ ಮಾತು ಇನ್ನೂ ನಿಧಾನವಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ಕಾದರು. ಎಂದಿನಿಂದ, ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ, ಎಲ್ಲವನ್ನೂ ನೀಲಾ ಒಂದೊಂದಾಗಿ ಹೇಳಿದಳು. ಪಕಾರ ಮಕಾರ ಅದಲುಬದಲಾದ ಕಡೆ ತಾನೇ ತಿದ್ದಿದಳು.

ಮರುದಿನ ಕೊಳವೆ ಇಳಿಸಿ ನೋಡಿದರು. ಅನ್ನನಾಳ ಒಂದು ಕಡೆ ಕಿರಿದಾಗಿತ್ತು. ಅದನ್ನು ಹಿಗ್ಗಿಸಿ, ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಪರೇಷನ್ನಿನ ಗಾಯ ಕಲೆಗಟ್ಟಿ ಕಿರಿದಾಗಿದ್ದರೆ ಹೆದರಿಕೆಯಿಲ್ಲ. ಹಳೆಯ ರೋಗವೇ ಆಗಿದ್ದರೆ ಬೇರೆ ಮಾತು. ತಿಳಿಯಲು ಆರು ದಿನ.

ಆ ಆರು ದಿನ ಫಕ್ಕೀರೇಶ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಶೋಕೇಸಿನ ಮುಂದೆ ಹೋಗಿ ನಿಲ್ಲುತ್ತಿದ್ದ, ಹಿಂದಕ್ಕೆ ಬರುತ್ತಿದ್ದ. ಮೊದಲಾಗಿದ್ದರೆ ಏನಾದರೂ ಬಿಚ್ಚಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದ. ಈಗ ಬಿಚ್ಚಿದರೆ ಮುಚ್ಚುವುದು ಅವಳ ಬಾಯಿ. ಗುಂಪಿನಲ್ಲಿ ತಾನು ಬರೆದ ತೀರ್ಪು ತಪ್ಪೆಂದೂ, ದೋಷ ತನ್ನ ಪ್ಲಗ್ಗಿನದೆಂದೂ ಬರೆದ. ಸರಾಗ ಆಡಿದ ಮಾತುಗಳನ್ನೂ, ನೀಲಾ ಆಡಿದ ಮಾತುಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ಹಾಕಬೇಕೆಂದಿತ್ತು. ಅವಳನ್ನು ಕೇಳಿದ. ಡಾಕ್ಟರ ದಿನದ್ದು ಒಂದು ಹಾಕಿ ಸಾಕು, ಉಳಿದದ್ದು ನಮ್ಮ ಮನೆಯದು ಎಂದಳು. ಹಾಗೆಯೇ ಮಾಡಿದ. ಬೇರೆ ಬೇರೆ ಊರುಗಳಲ್ಲಿ ಸರಾಗ ಹಾಕಿಕೊಂಡಿದ್ದ ಹನ್ನೊಂದು ಮನೆಗಳಿಂದ ಎರಡೇ ದಿನದಲ್ಲಿ ಉತ್ತರ ಬಂತು: ನಾವೂ ನೋಡುತ್ತೇವೆ, ನಮ್ಮಲ್ಲೂ ಎಲ್ಲರೂ ಆರಾಮ ಅಂತಲೇ ಹೇಳುತ್ತಿದ್ದಾರೆ.

ಏಳನೆಯ ದಿನ ಡಾಕ್ಟರು ಫೋನು ಮಾಡಿದರು. ಫಕ್ಕೀರೇಶ ಫೋನೆತ್ತಿ ಅವಳಿಗೇ ಕೊಟ್ಟ.

"ಹೆಂಗದೀರಿ, ನೀಲಾಂಬಿಕಾ ಅವರ?"

"ಜೀವ ಬಾಯಿಗೆ ಬಂದೈತ್ರಿ. ಮೊದ್ಲ ರಿಪೋರ್ಟ್ ಹೇಳ್ರಿ."

ಡಾಕ್ಟರು ನಕ್ಕರು. ಬರೀ ಕಲೆ, ಬೇರೇನೂ ಇಲ್ಲ ಎಂದರು. ಆದರೆ ಮತ್ತೆ ಕಿರಿದಾಗುತ್ತದೆ, ತಿಂಗಳಿಗೊಮ್ಮೆ ಬಂದು ಹಿಗ್ಗಿಸಿಕೊಳ್ಳಬೇಕು, ಎಷ್ಟು ದಿನವೆಂದು ಹೇಳಲಾಗದು. ನೀಲಾ ಹೂಂ ಎಂದಳು. ಫೋನಿಟ್ಟ ಮೇಲೆ ಸೆರಗಿನಿಂದ ಮುಖ ಒತ್ತಿಕೊಂಡು ಕೂತಳು. ಫಕ್ಕೀರೇಶ ಅವಳ ಪಕ್ಕದಲ್ಲಿ ಕೂತ.

ಸಂಜೆ ಅವನ ಫೋನಿಗೆ ಮಾರ್ದನಿಯ ಹೊಸ ಆವೃತ್ತಿ ಬಂದ ಸುದ್ದಿ ಬಂತು. ಎದ್ದ. ಎರಡು ಹೆಜ್ಜೆ ಹೋದ. ತಿರುಗಿ, "ಹೊಸಾದ ಬಂದೈತಿ. ತಡ ಸ್ವಲ್ಪ ಕಡಿಮಿ ಆಗತೈತಂತ. ಹಾಕ್ಲೇನು?" ಎಂದು ಕೇಳಿದ.

ನೀಲಾ ಅವನ ಮುಖ ನೋಡಿದಳು. "ಹಾಕೋದು ಹೆಂಗಂತ ನನಗ ತೋರಸ್ರಿ," ಎಂದಳು.

ಅವಳು ಕೀಲಿಮಣೆಯ ಮುಂದೆ ಕೂತಳು, ಅವನು ಬೆನ್ನ ಹಿಂದೆ ನಿಂತ. ಕೈ ಚಾಚಿದಾಗೆಲ್ಲ ಅವಳು ಮೊಳಕೈಯಿಂದ ತಳ್ಳಿದಳು. ಹತ್ತು ನಿಮಿಷದ ಪಾಠಕ್ಕೆ ಒಂದು ತಾಸು ಹಿಡಿಯಿತು. ಹೊಸ ಆವೃತ್ತಿಯನ್ನು ಅವಳು ಹಾಕಲಿಲ್ಲ. ಓದಿ ನೋಡಿ, ಇನ್ನೊಂದು ತಿಂಗಳು ಮಂದಿ ಏನಂತಾರೋ ನೋಡೋಣು ಎಂದಳು. ಆದರೆ ಸರ್ವರಿನ ಒಡೆತನದ ಪಾಸ್‌ವರ್ಡ್ ಎಲ್ಲಿ ಬದಲಿಸುವುದೆಂದು ಕೇಳಿ ತಿಳಿದುಕೊಂಡಳು. ಅವನನ್ನು ಆಚೆ ತಿರುಗಿ ನಿಲ್ಲಲು ಹೇಳಿ, ಒಂದೊಂದೇ ಅಕ್ಷರ ಒತ್ತಿ, ಮತ್ತೊಮ್ಮೆ ಒತ್ತಿ, ಮುಗಿಸಿದಳು.

"ಏನಂತ ಇಟ್ಟಿ?" ಫಕ್ಕೀರೇಶ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ.

ಎರಡು ಸೆಕೆಂಡು ಕಾದ.

"ಹೇಳಂಗಿಲ್ಲ."